ಎಂಜಿನ್ ಚಾಲೂ ಮಾಡುವ ಮುನ್ನ

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಡೀಸೆಲ್ ಎಂಜಿನ್ನನ್ನು ಕುರಿತು ಲೇಖನ ಬರೆಯಹೊರಟರೆ ವಾಚಕರಿಗೆ ನಗು ಬಂದರೂ ಬರಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಇವು ನನ್ನ ಪಾಠವಿಷಯಗಳು. ಯಂತ್ರಶಾಸ್ತ್ರವನ್ನು ನಾನು ಯಾವ ಗುರುಗಳ ಬಳಿಯೂ ಪುಸ್ತಕ ಹಿಡಿದು ಕಲಿತವನಲ್ಲ. ಆದರೂ ನಮ್ಮ ಮನೆತನದಲ್ಲಿ ಮೊದಲನೆಯವನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನನ್ನು ಈ ಮೂರು ವರ್ಷ ಓದಿಸಿದ್ದು ಒಂದು ಡೀಸೆಲ್ ಎಂಜಿನ್ನೇ ಆಗಿದೆ. ಅದರ ಋಣ ನನ್ನ ಮೇಲಿದೆ. ಅದಕ್ಕಿಂತ ಹೆಚ್ಚಾಗಿ ಅದಕ್ಕೆ ನಾನು ಮಾಡಿದ ಒಂದು ಅಪರಾಧವೂ ಇದೆ. ಆ ಕಾರಣದಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಮ್ಮದು ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ಕಡೆಯ ಒಂದು ಸಣ್ಣ ಹಳ್ಳಿ. ನಮಗಿರುವ ಜಮೀನು ಒಂದು ಎಕರೆಗೂ ಕಡಿಮೆ. ನನ್ನ ತಂದೆಯವರು ಹುಡುಗರಾಗಿದ್ದಾಗ ಕುಣಿಗಲ್ ತಾಲ್ಲೂಕಿನಲ್ಲಿ ಟಿಲ್ಲರ್ ಮಾಲೀಕರೊಬ್ಬರ ಬಳಿ ಕೂಲಿಗಿದ್ದು, ಮಾರ್ಕೋನಹಳ್ಳಿ ಜಲಾಶಯದ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಕೆಸರು ಹೊಡೆಯುತ್ತ ಈ ಕಸುಬನ್ನು ಕಲಿತವರು. ತಮ್ಮ ಹೆಸರನ್ನು ಬರೆಯುವಷ್ಟು ಅಕ್ಷರ ಮಾತ್ರ ಅವರಿಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಸಾಲ ಮಾಡಿ ಒಂದು ಹಳೆಯ ಟಿಲ್ಲರನ್ನು ಕೊಂಡರು. ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ, ಕೈಯಿಂದ ಹ್ಯಾಂಡಲ್ ತಿರುವಿ ಚಾಲೂ ಮಾಡುವ ಎಂಜಿನ್ ಅದರದು. ದೊಡ್ಡ ಟ್ರಾಕ್ಟರು ತಿರುಗಲಾರದ ತೆಂಗು ಅಡಕೆಗಳ ಸಾಲಿನ ನಡುವೆ ಅದು ಸರಾಗವಾಗಿ ತಿರುಗುತ್ತದೆ. ತೋಟಗಳಲ್ಲಿ ಗಂಟೆಯ ಲೆಕ್ಕದ ಬಾಡಿಗೆ, ಮಳೆಗಾಲದಲ್ಲಿ ರಾಗಿಯ ಹೊಲಗಳ ಉಳುಮೆ, ಭತ್ತದ ಕಾಲ ಬಂದರೆ ಕುಣಿಗಲ್ ಕಡೆಯ ಗದ್ದೆಗಳು, ಹೀಗೆ ವರ್ಷ ಸಾಗುತ್ತದೆ.

ಪ್ರತಿದಿನ ಬೆಳಗ್ಗೆ ಹ್ಯಾಂಡಲ್ ಮುಟ್ಟುವ ಮುನ್ನ ತಂದೆಯವರು ಟಿಲ್ಲರಿನ ಸುತ್ತ ಒಂದು ಸಲ ನಿಧಾನವಾಗಿ ಬರುತ್ತಾರೆ. ಬಗ್ಗಿ ನೆಲ ನೋಡುತ್ತಾರೆ. ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುತ್ತಾರೆ. ಮುಚ್ಚಳ ತೆಗೆದು ನೀರು ನೋಡುತ್ತಾರೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಇಷ್ಟಕ್ಕೆಲ್ಲ ಐದು ನಿಮಿಷ ಹಿಡಿದೀತು. “ಅಪ್ಪ ಟಿಲ್ಲರಿಗೆ ಪ್ರದಕ್ಷಿಣೆ ಹಾಕ್ತಾರೆ” ಎಂದು ನಾನೂ ನನ್ನ ತಂಗಿಯೂ ನಗುತ್ತಿದ್ದೆವು. ಆ ಪ್ರದಕ್ಷಿಣೆಯ ಬೆಲೆ ನನಗೆ ತಿಳಿದದ್ದು ಎರಡನೆಯ ಬಿ.ಎ. ಓದುತ್ತಿದ್ದಾಗ.

ನಡೆದ ಸಂಗತಿ

ಆ ವರ್ಷ ಪುಷ್ಯ ಮಳೆ ಹದವಾಗಿ ಬಿದ್ದಿತ್ತು. ಊರಿಗೆ ಊರೇ ರಾಗಿ ಬಿತ್ತನೆಗೆ ನಿಂತಿತ್ತು. ತಂದೆಯವರು ಜ್ವರದಿಂದ ಮಲಗಿದ್ದರು. ನಮ್ಮ ಕೇರಿಯಲ್ಲಿ ಒಬ್ಬಂಟಿಯಾಗಿರುವ ಒಬ್ಬ ಅಜ್ಜಿ ಬೆಳಕು ಹರಿಯುವ ಮುಂಚೆಯೇ ನಮ್ಮ ಜಗುಲಿಗೆ ಬಂದು, “ಹದ ಆರೋಯ್ತದೆ ಕಣಪ್ಪ. ನಿಮ್ಮಪ್ಪ ಏಳೋ ಹಂಗಿಲ್ಲ, ನೀನಾದ್ರೂ ಬಂದು ಎರಡು ಸಾಲು ಹೊಡ್ಕೊಡು” ಎಂದರು. ಅವರ ಹೊಲ ಅರ್ಧ ಎಕರೆ. ವರ್ಷದ ಮುದ್ದೆಗೆ ಅದೇ ಆಧಾರ.

ನನಗೆ ಟಿಲ್ಲರ್ ಹೊಡೆಯಲು ಬರುತ್ತಿತ್ತು. ನಾನು ಕೊಟ್ಟಿಗೆಗೆ ಹೋಗುತ್ತಿರುವಾಗ ತಂದೆಯವರು ಒಳಗಿನಿಂದ, “ಆಯಿಲ್ಲು ನೀರು ನೋಡ್ಕಂಡು ಹೊಡಿಲಾ” ಎಂದು ಕೂಗಿದರು. ನಾನು “ನೋಡಿದೀನಿ ಕಣಪ್ಪ” ಎಂದು ಹೇಳಿಬಿಟ್ಟೆ. ನೋಡಿರಲಿಲ್ಲ. ಹಿಂದಿನ ದಿನ ಚೆನ್ನಾಗಿಯೇ ಓಡಿದ ಎಂಜಿನ್ನಿಗೆ ಒಂದು ರಾತ್ರಿಯಲ್ಲಿ ಏನಾದೀತು ಎಂಬ ಭಾವನೆ ನನ್ನದು. ಬೇಗ ಮುಗಿಸಿ ತುಮಕೂರಿನ ಬಸ್ಸು ಹಿಡಿಯಬೇಕೆಂಬ ಆತುರವೂ ಇತ್ತು.

ಹೊಲದಲ್ಲಿ ಮುಕ್ಕಾಲು ಗಂಟೆ ಉತ್ತಿರಬಹುದು. ಎಂಜಿನ್ನಿನ ಸದ್ದು ಮೊದಲು ಒರಟಾಯಿತು. ಬಳಿಕ ಒಳಗೆ ಸುತ್ತಿಗೆಯಿಂದ ಬಡಿದಂತೆ ಠಕ್ ಠಕ್ ಎಂದಿತು. ನಾನು ಗಾಬರಿಯಿಂದ ನಿಲ್ಲಿಸುವ ಮುಂಚೆ ತಾನೇ ನಿಂತಿತು. ಹ್ಯಾಂಡಲ್ ಹಾಕಿ ತಿರುವಿದರೆ ಕಲ್ಲಿನಂತೆ ಅಲ್ಲಾಡಲಿಲ್ಲ. ಎಂಜಿನ್ ಜಾಮ್ ಆಗಿತ್ತು.

ತಂದೆಯವರು ಕಂಬಳಿ ಹೊದ್ದುಕೊಂಡೇ ಬಂದರು. ಬೈಯಲಿಲ್ಲ. ಕಡ್ಡಿ ಎಳೆದು ನೋಡಿದರು. ಅದರ ತುದಿಗೂ ಆಯಿಲ್ ತಾಗಿರಲಿಲ್ಲ. ನನ್ನನ್ನು ಮನೆಗೆ ಕರೆದುಕೊಂಡು ಬಂದು ಕೊಟ್ಟಿಗೆಯಲ್ಲಿ ಟಿಲ್ಲರ್ ನಿಂತಿದ್ದ ಜಾಗವನ್ನು ತೋರಿಸಿದರು. ಅಲ್ಲಿ ಮೊರದಗಲ ಕಪ್ಪು ಕಲೆಯಾಗಿತ್ತು. ಆಯಿಲ್ ಇಳಿಸುವ ಕೆಳಗಿನ ಬೋಲ್ಟು ಸಡಿಲವಾಗಿ ರಾತ್ರಿಯೆಲ್ಲ ತೊಟ್ಟಿಕ್ಕಿತ್ತು. “ನೆಲ ನೋಡಿದ್ಯೇನ್ಲಾ?” ಎಂದು ಒಂದೇ ಮಾತು ಕೇಳಿದರು. ನಾನು ಉತ್ತರ ಹೇಳಲಿಲ್ಲ.

ಗುಬ್ಬಿಯಿಂದ ಮೆಕ್ಯಾನಿಕ್ಕು ಬಂದು ಬಿಚ್ಚಿದರು. ಬೇರಿಂಗು ಸುಟ್ಟು ಕ್ರ್ಯಾಂಕ್ ಶಾಫ್ಟಿಗೆ ಕಚ್ಚಿಕೊಂಡಿತ್ತು. ಪಿಸ್ಟನ್ನೂ ಲೈನರೂ ಗೀರಿದ್ದವು. ಶಾಫ್ಟನ್ನು ತುಮಕೂರಿನ ಲೇತ್ ಅಂಗಡಿಗೆ ಒಯ್ದು ಗ್ರೈಂಡಿಂಗ್ ಮಾಡಿಸಿ, ಹೊಸ ಸಾಮಾನು ಹಾಕಿಸಿ, ಮತ್ತೆ ಕೂಡಿಸುವ ಹೊತ್ತಿಗೆ ಒಂಬತ್ತು ದಿನಗಳಾದವು. ಖರ್ಚು ಹದಿನಾರು ಸಾವಿರ ರೂಪಾಯಿ. ಮನೆಯಲ್ಲಿ ನನ್ನ ಫೀಜಿಗೂ ತಂಗಿಯ ಫೀಜಿಗೂ ಇಟ್ಟಿದ್ದ ಹಣ ಅದಕ್ಕೆ ಹೋಯಿತು. ಆದರೆ ಹಣದ ಮಾತು ಹಾಗಿರಲಿ. ಆ ಒಂಬತ್ತು ದಿನಗಳಲ್ಲಿ ಊರಿನ ಬೇರೆ ಟಿಲ್ಲರು ಟ್ರಾಕ್ಟರುಗಳೆಲ್ಲ ಅವರವರ ಸರದಿಯಲ್ಲಿದ್ದವು. ಅರ್ಧ ಎಕರೆಗಾಗಿ ಯಾರೂ ಬಿಡುವು ಮಾಡಿಕೊಳ್ಳಲಿಲ್ಲ. ಅಜ್ಜಿಯ ಹೊಲದ ಹದ ಆರಿತು. ಆಮೇಲೆ ತಡವಾಗಿ ಬಿತ್ತಿದ ಪೈರು ತೆನೆ ಕಟ್ಟುವ ಕಾಲದಲ್ಲಿ ಮಳೆಯಿಲ್ಲದೆ ಜಳ್ಳಾಯಿತು. ಪ್ರತಿವರ್ಷ ನಾಲ್ಕು ಚೀಲ ಕಾಣುತ್ತಿದ್ದ ಕಣದಲ್ಲಿ ಆ ವರ್ಷ ಒಂದೂವರೆ ಚೀಲ ರಾಗಿಯಾಯಿತು.

ಯಂತ್ರವು ದಿನದಿನಕ್ಕೂ ಸವೆಯುವುದನ್ನು ಲೆಕ್ಕಕ್ಕೆ ಹಿಡಿಯುವುದಕ್ಕೆ ಅರ್ಥಶಾಸ್ತ್ರದ ತರಗತಿಯಲ್ಲಿ ‘ಸವಕಳಿ’ ಎಂಬ ಪದವನ್ನು ಕೇಳಿ ಬರೆದುಕೊಂಡಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ಬಂದಿದ್ದವು. ಆದರೆ ಆ ಪದದ ಅರ್ಥವನ್ನು ನನ್ನ ತಂದೆಯವರು ಪ್ರತಿದಿನ ಐದು ನಿಮಿಷ ಬಗ್ಗಿ ನೋಡುತ್ತಿದ್ದರು, ನಾನು ನೋಡಿರಲಿಲ್ಲ. ಅಂದಿನಿಂದ ಈ ವಿಷಯವನ್ನು ತಂದೆಯವರಿಂದಲೂ, ಮೆಕ್ಯಾನಿಕ್ಕಿನಿಂದಲೂ, ಪುಸ್ತಕಭಂಡಾರದ ಪುಸ್ತಕಗಳಿಂದಲೂ ಕೇಳಿ ಓದಿ ತಿಳಿದುಕೊಂಡೆ. ಅದನ್ನೇ ಕ್ರಮವಾಗಿ ಕೆಳಗೆ ಕೊಡುತ್ತೇನೆ.

ಡೀಸೆಲ್ ಎಂಜಿನ್ನಿನ ಸ್ವಭಾವ

ಈ ಎಂಜಿನ್ನಿಗೆ ಹೆಸರು ಬಂದುದು ಅದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರಿನಿಂದ. ಆತ 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದನು. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಆತನ ಎಂಜಿನ್ ಯಶಸ್ವಿಯಾಗಿ ನಡೆಯಿತು. ಅಂದಿನ ಉಗಿಯಂತ್ರಗಳು ಸೌದೆ ಕಲ್ಲಿದ್ದಲುಗಳ ಶಾಖದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತಿದ್ದವು. ಡೀಸೆಲನ ಎಂಜಿನ್ ನಾಲ್ಕರಲ್ಲಿ ಒಂದು ಪಾಲನ್ನು ಮಾರ್ಪಡಿಸಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದರೆಂದು ಓದಿದಾಗ, ಪಾವಗಡ ಶಿರಾಗಳ ಕಡಲೆಕಾಯಿ ಹೊಲಗಳನ್ನು ಬಲ್ಲ ನನಗೆ ಬಹಳ ಸಂತೋಷವಾಯಿತು. ಡೀಸೆಲನು 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದಾಗ ಸಮುದ್ರದ ಪಾಲಾದನು. ನಮ್ಮ ದೇಶದಲ್ಲಿ ಪಂಪಿನ ಡೀಸೆಲ್ ಎಂಜಿನ್ನುಗಳನ್ನು ಮನೆಮಾತಾಗಿಸಿದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯು 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತು. ಕಿರ್ಲೋಸ್ಕರ್ ಉದ್ಯಮಗಳ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಪಿಸ್ಟನ್ ಮೊದಲು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡನೆಯ ಹೊಡೆತದಲ್ಲಿ ಆ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲು ಜಾಗಕ್ಕೆ ಅಮುಕುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ತಳ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವಷ್ಟೆ. ಇಲ್ಲಿ ಆ ಬಿಸಿ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಕ್ಷಣದಲ್ಲಿ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಂಡು ಪಿಸ್ಟನ್ನನ್ನು ನೂಕುತ್ತದೆ. ಇದು ಮೂರನೆಯ ಹೊಡೆತ. ನಾಲ್ಕನೆಯದರಲ್ಲಿ ಹೊಗೆ ಹೊರಗೆ ಹೋಗುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಎಂಜಿನ್ನು ಬದುಕುವುದು ನಾಲ್ಕರಿಂದ: ಶುದ್ಧವಾದ ಗಾಳಿ, ಶುದ್ಧವಾದ ಡೀಸೆಲ್, ಸವೆತವನ್ನು ತಡೆಯುವ ಆಯಿಲ್, ಬಿಸಿಯನ್ನು ಒಯ್ಯುವ ನೀರು. ನಿತ್ಯದ ಪರೀಕ್ಷೆಯೆಂದರೆ ಈ ನಾಲ್ಕನ್ನು ವಿಚಾರಿಸಿಕೊಳ್ಳುವುದೇ ಹೊರತು ಬೇರೆಯಲ್ಲ.

ಪರೀಕ್ಷೆಗಳ ಕ್ರಮ

ಮೊದಲನೆಯದು ನೆಲ. ರಾತ್ರಿ ನಿಂತಿದ್ದ ಜಾಗದಿಂದ ಯಂತ್ರವನ್ನು ಕದಲಿಸುವ ಮುನ್ನ ಕೆಳಗೆ ನೋಡತಕ್ಕದ್ದು. ಕಪ್ಪು ಜಿಡ್ಡಿನ ಕಲೆಯಾದರೆ ಆಯಿಲ್, ವಾಸನೆಯ ಒದ್ದೆಯಾದರೆ ಡೀಸೆಲ್, ಬರಿಯ ಒದ್ದೆಯಾದರೆ ನೀರು ಸೋರಿದೆಯೆಂದು ತಿಳಿಯಬೇಕು. ಯಂತ್ರವನ್ನು ಕದಲಿಸಿದ ಮೇಲೆ ಈ ಸಾಕ್ಷ್ಯ ಸಿಕ್ಕುವುದಿಲ್ಲ. ಆದಕಾರಣ ಇದಕ್ಕೆ ಮೊದಲ ಸ್ಥಾನ.

ಎರಡನೆಯದು ಆಯಿಲ್. ನಮ್ಮ ಮನೆಯಲ್ಲಿ ಡೀಸೆಲ್ಲಿಗೆ ಎಣ್ಣೆಯೆಂದೂ ಕೀಲೆಣ್ಣೆಗೆ ಆಯಿಲ್ಲೆಂದೂ ಹೇಳುತ್ತೇವೆ. ಯಂತ್ರವು ಸಮನಾದ ನೆಲದ ಮೇಲಿರಬೇಕು. ಎಂಜಿನ್ ತಣ್ಣಗಿರುವಾಗ ಆಯಿಲ್ಲೆಲ್ಲ ತಳದ ತೊಟ್ಟಿಗೆ ಇಳಿದಿರುವುದರಿಂದ ಬೆಳಗಿನ ಹೊತ್ತೇ ಇದಕ್ಕೆ ತಕ್ಕುದು. ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಅದ್ದಿ ತೆಗೆದು ನೋಡಬೇಕು. ಆಯಿಲ್ ಎರಡು ಗೆರೆಗಳ ನಡುವೆ, ಮೇಲಿನ ಗೆರೆಯ ಹತ್ತಿರ ಇರತಕ್ಕದ್ದು. ಕಡಿಮೆಯಾದರೆ ಏನಾಗುವುದೆಂದು ಮೇಲೆಯೇ ಹೇಳಿದ್ದೇನೆ. ಹೆಚ್ಚು ಹಾಕಿದರೆ ಒಳ್ಳೆಯದೆಂದು ಭಾವಿಸಕೂಡದು. ಗೆರೆ ಮೀರಿದರೆ ಕ್ರ್ಯಾಂಕು ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಜಾರಿಸುವ ಶಕ್ತಿಯಿಲ್ಲ.

ಮಟ್ಟವೊಂದನ್ನೇ ನೋಡಿದರೆ ಸಾಲದು, ಬಣ್ಣವನ್ನೂ ನೋಡಬೇಕು. ಓಡಿದ ಆಯಿಲ್ ಕಪ್ಪಗಿರುವುದು ಸಹಜ, ಏಕೆಂದರೆ ಅದು ಒಳಗಿನ ಮಸಿಯನ್ನು ತೊಳೆದು ತನ್ನಲ್ಲಿಟ್ಟುಕೊಳ್ಳುತ್ತದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಹಾಕದೆ ಇದ್ದರೂ ಮಟ್ಟ ಏರಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೋರಿ ಸೇರಿದೆ. ಈ ಎರಡು ಸಂದರ್ಭಗಳಲ್ಲಿಯೂ ಎಂಜಿನ್ನನ್ನು ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಯುವುದೇ ಸರಿ.

ಮೂರನೆಯದು ನೀರು. ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆಗೆಯಬೇಕು. ಬಿಸಿಯಿದ್ದಾಗ ತೆಗೆದರೆ ಒತ್ತಡದಲ್ಲಿದ್ದ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೊಳವೆಬಾವಿಯ ಗಡಸು ನೀರನ್ನು ದಿನವೂ ಹಾಕಿದರೆ ಸ್ನಾನದ ಹಂಡೆಯಲ್ಲಿ ಬಿಳಿಯ ಪಕಳೆ ಕಟ್ಟುವಂತೆ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಆ ಪಕಳೆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ತಂದೆಯವರು ಸೂರಿನಿಂದ ಬೀಳುವ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ಸೋಸಿ ಇಟ್ಟುಕೊಂಡಿದ್ದಾರೆ. ಮಾಡಿಸಿದವರು ಹೇಳಿದ ಕೂಲೆಂಟನ್ನು ಬೆರೆಸಿದರೆ ಇನ್ನೂ ಮೇಲು. ಕೆಲಸದ ನಡುವೆ ನೀರು ಬತ್ತಿ ಎಂಜಿನ್ ಕಾದುಹೋದರೆ ಅವಸರದಿಂದ ತಣ್ಣೀರು ಸುರಿಯಕೂಡದು. ಕೆಂಡದಂತಿರುವ ಕಬ್ಬಿಣವು ಹಠಾತ್ತನೆ ತಣಿದರೆ ಸೀಳುತ್ತದೆ. ರೇಡಿಯೇಟರಿನ ಜಾಲರಿಯಲ್ಲಿ ಹುಲ್ಲು ಧೂಳು ತುಂಬಿದ್ದರೆ ಅದನ್ನೂ ಬಿಡಿಸಬೇಕು.

ನಾಲ್ಕನೆಯದು ಡೀಸೆಲ್. ಟ್ಯಾಂಕನ್ನು ಸಂಜೆಯೇ ತುಂಬಿಸಿಡುವುದು ಒಳ್ಳೆಯ ಅಭ್ಯಾಸ. ಖಾಲಿ ಬಿಟ್ಟರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಗಟ್ಟಿ ಡೀಸೆಲ್ಲಿಗೆ ಸೇರುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಬೆಳಗ್ಗೆ ಟ್ಯಾಂಕಿನ ಅಥವಾ ಫಿಲ್ಟರಿನ ಕೆಳಗಿನ ತಿರುಪನ್ನು ಸ್ವಲ್ಪ ಸಡಿಲಿಸಿ ಆ ನೀರನ್ನು ಹೊರಬಿಡಬೇಕು. ಕ್ಯಾನಿನಿಂದ ಹಾಕುವಾಗ ಸಣ್ಣ ಜಾಲರಿಯಲ್ಲಿ ಸೋಸತಕ್ಕದ್ದು. ಡೀಸೆಲ್ಲನ್ನು ಸಿಂಪಡಿಸುವ ಪಂಪಿನೊಳಗಿನ ಬಿಡುವು ಕೆಲವೇ ಮೈಕ್ರಾನ್‌ಗಳಷ್ಟು, ಅಂದರೆ ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಪಾಲು ಕಡಿಮೆ. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಗೀರು ಹಾಕಬಲ್ಲದು. ಟ್ಯಾಂಕು ಪೂರ್ತಿ ಬರಿದಾಗುವವರೆಗೆ ಓಡಿಸಿದರೆ ಪೈಪಿನಲ್ಲಿ ಗಾಳಿ ಸೇರುತ್ತದೆ. ಇದಕ್ಕೆ ‘ಏರ್ ಹಿಡಿಯಿತು’ ಎನ್ನುತ್ತಾರೆ. ಆಗ ಟ್ಯಾಂಕು ತುಂಬಿಸಿದ ಮಾತ್ರಕ್ಕೆ ಎಂಜಿನ್ ಹೊಡೆಯುವುದಿಲ್ಲ. ತಿರುಪು ಸಡಿಲಿಸಿ ಗುಳ್ಳೆಗಳು ನಿಲ್ಲುವವರೆಗೆ ಡೀಸೆಲ್ ಹರಿಯಬಿಟ್ಟು ಬಿಗಿಯಬೇಕು.

ಐದನೆಯದು ಗಾಳಿ. ಒಂದು ಲೀಟರ್ ಡೀಸೆಲ್ ಉರಿಯಲು ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಬೇಸಗೆಯಲ್ಲಿ ಒಣಹೊಲ ಉಳುವಾಗ ಆ ಗಾಳಿಯಲ್ಲಿ ಎಷ್ಟು ಮಣ್ಣಿರುವುದೆಂದು ಊಹಿಸಬಹುದು. ಆ ಮಣ್ಣು ಒಳಗೆ ಹೋದರೆ ಆಯಿಲ್ಲಿನೊಡನೆ ಬೆರೆತು ಉಜ್ಜುವ ಮರಳುಕಾಗದದಂತೆ ಲೈನರನ್ನು ಸವೆಸುತ್ತದೆ. ನಮ್ಮ ಟಿಲ್ಲರಿನ ಗಾಳಿಯ ಫಿಲ್ಟರಿನ ತಳದಲ್ಲಿ ಒಂದು ಬಟ್ಟಲು ಆಯಿಲ್ ಇದೆ. ಧೂಳು ಅದಕ್ಕೆ ಅಂಟಿ ನಿಲ್ಲುತ್ತದೆ. ಬಟ್ಟಲನ್ನು ಬಿಚ್ಚಿ, ಕೆಸರು ಕಂಡರೆ ತೊಳೆದು ಹೊಸ ಆಯಿಲ್ ಹಾಕಬೇಕು. ಉಳುಮೆಯ ದಿನಗಳಲ್ಲಿ ಇದನ್ನು ನಿತ್ಯವೂ ನೋಡಬೇಕು.

ಆರನೆಯದು ಬೆಲ್ಟು ಮತ್ತು ಬೋಲ್ಟು. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಹೆಬ್ಬೆರಳಗಲ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತದೆ, ತಗ್ಗದಿದ್ದರೆ ಬೇರಿಂಗನ್ನು ಎಳೆದು ಕೆಡಿಸುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನು ಬಹಳವಾಗಿ ಅದುರುವುದರಿಂದ ಬಿಗಿದ ಬೋಲ್ಟುಗಳೂ ದಿನೇದಿನೇ ಸಡಿಲವಾಗುತ್ತವೆ. ಕೈಗೆ ಸಿಕ್ಕುವ ಬೋಲ್ಟುಗಳನ್ನೆಲ್ಲ ಮುಟ್ಟಿ ನೋಡುವುದು ತಂದೆಯವರ ಪದ್ಧತಿ. ನಮ್ಮ ಎಂಜಿನ್ನನ್ನು ಕೆಡಿಸಿದ್ದು ಇಂಥ ಒಂದು ಬೋಲ್ಟೇ.

ಏಳನೆಯದು ನಮ್ಮ ಮೈಕೈಯ ಕ್ಷೇಮ. ಗೇರು ನ್ಯೂಟ್ರಲ್ಲಿನಲ್ಲಿದೆಯೆ, ಕ್ಲಚ್ಚು ಬಿಡಿಸಿದೆಯೆ ಎಂದು ನೋಡದೆ ಹ್ಯಾಂಡಲ್ ತಿರುವಿದರೆ ಯಂತ್ರವು ಮೈಮೇಲೆ ಬರುತ್ತದೆ. ಹೆಗಲ ಟವಲ್ಲು, ಸಡಿಲವಾದ ತೋಳು, ಸೆರಗು ಇವು ಬೆಲ್ಟಿನ ಹತ್ತಿರ ಸುಳಿಯಕೂಡದು. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಓಡಬಿಡುವುದು ಪ್ರಾಣಾಪಾಯಕರ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಷ್ಟಾದ ಮೇಲೆ ಚಾಲೂ ಮಾಡಬಹುದು. ಚಾಲೂ ಆದ ಕೂಡಲೆ ಆಯಿಲ್ಲಿನ ಒತ್ತಡವನ್ನು ತೋರಿಸುವ ಗುರುತು ಎಂಜಿನ್ನಿನಲ್ಲಿದ್ದರೆ ಅದನ್ನು ನೋಡಬೇಕು. ಎರಡು ಮೂರು ನಿಮಿಷ ಭಾರವಿಲ್ಲದೆ ನಿಧಾನವಾಗಿ ಓಡಬಿಟ್ಟರೆ ಆಯಿಲ್ ಎಲ್ಲ ಕೀಲುಗಳಿಗೂ ಏರುತ್ತದೆ. ಆ ಹೊತ್ತಿನಲ್ಲಿ ಹೊಗೆಯನ್ನು ನೋಡಬೇಕು. ಬಿಡದೆ ಕಪ್ಪುಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಕಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ. ಕಣ್ಣಿನ ಕೆಲಸ ಮುಗಿದ ಬಳಿಕ ಕಿವಿಯ ಕೆಲಸ. ನಿನ್ನೆಯ ಸದ್ದಿಗೂ ಇಂದಿನ ಸದ್ದಿಗೂ ವ್ಯತ್ಯಾಸ ಕಂಡರೆ ಆಗಲೇ ನಿಲ್ಲಿಸತಕ್ಕದ್ದು.

ಕುಣಿಗಲ್ ತಾಲ್ಲೂಕಿನ ಎರಡು ಹಳ್ಳಿಗಳು

ಒಬ್ಬ ಬಡವನ ಟಿಲ್ಲರಿಗೆ ಇಷ್ಟು ವಿಚಾರವೇಕೆಂದು ಕೆಲವರಿಗೆ ಅನ್ನಿಸಬಹುದು. ಒಂದು ಸಣ್ಣ ಡೀಸೆಲ್ ಎಂಜಿನ್ನಿನ ಮೇಲೆ ಒಂದು ಊರೇ ಭರವಸೆಯಿಟ್ಟ ನಿದರ್ಶನ ನಮ್ಮ ಜಿಲ್ಲೆಯಲ್ಲಿಯೇ ಇದೆ. ಇದನ್ನು ಪುಸ್ತಕಭಂಡಾರದಲ್ಲಿ ಓದಿದಾಗ ನನಗೆ ಆಶ್ಚರ್ಯವಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಪ್ರಾರಂಭವಾಯಿತು. ಹಳ್ಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣ ಕೇಂದ್ರವಿತ್ತು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಮೊದಲು ಸಗಣಿಯ ಅನಿಲವನ್ನು ಅಡುಗೆಗೆ ಕೊಡುವ ಪ್ರಯತ್ನ ನಡೆಯಿತು. ಎಲ್ಲ ಮನೆಗಳ ಒಲೆಗೂ ಸಾಲುವಷ್ಟು ಅನಿಲ ದೊರೆಯಲಿಲ್ಲ. ಬಳಿಕ 1987ರಿಂದ ಅದೇ ಅನಿಲದಿಂದ ಡೀಸೆಲ್ ಎಂಜಿನ್ನನ್ನು ಓಡಿಸಿ, ವಿದ್ಯುತ್ತು ಉತ್ಪಾದಿಸಿ, ಕೊಳವೆಬಾವಿಯ ಕುಡಿಯುವ ನೀರನ್ನು ನಲ್ಲಿಗಳಿಗೆ ಏರಿಸಿ, ಮನೆಗಳಿಗೆ ದೀಪ ಕೊಟ್ಟರು. ಊರವರು ಸಗಣಿಯನ್ನು ತಂದು ಹಾಕುತ್ತಿದ್ದರು. ಅನಿಲ ತೆಗೆದುಳಿದ ಗೊಬ್ಬರವನ್ನು ಹೊಲಕ್ಕೆ ಒಯ್ಯುತ್ತಿದ್ದರು. ಎಂಜಿನ್ನನ್ನು ನೋಡಿಕೊಳ್ಳುತ್ತಿದ್ದವರು ತರಬೇತಿ ಪಡೆದ ಊರಿನ ಯುವಕರೇ.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ಅನಿಲದಿಂದ ನಡೆಯುವ 5 ಅಶ್ವಶಕ್ತಿಯ, ಅಂದರೆ 3.7 ಕಿಲೋವ್ಯಾಟಿನ ಎಂಜಿನ್ನನ್ನು ಸ್ಥಾಪಿಸಿದರು. ಮುಂದೆ ಅಲ್ಲಿಗೆ 20 ಕಿಲೋವ್ಯಾಟಿನ ಯಂತ್ರ ಬಂದಿತು. ಕಂಬದ ವಿದ್ಯುತ್ತು ಮುಟ್ಟಿರದಿದ್ದ ಆ ಊರಿಗೆ ಅದರಿಂದ ದೀಪ, ನಲ್ಲಿಯ ನೀರು, ಹಿಟ್ಟಿನ ಗಿರಣಿ ದೊರೆತವು.

ಈ ಎರಡು ಅನಿಲಗಳೂ ಎಂಜಿನ್ನಿನ ಒಳಗಿನ ಬಿಸಿಗೆ ಡೀಸೆಲ್ಲಿನಂತೆ ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಗಾಳಿಯೊಡನೆ ಅನಿಲವನ್ನು ಒಳಗೆಳೆದು, ಸ್ವಲ್ಪ ಡೀಸೆಲ್ಲನ್ನು ಸಿಂಪಡಿಸಿ ಅದರಿಂದ ಬೆಂಕಿ ಹಚ್ಚುತ್ತಾರೆ. ಇದರಿಂದ ಡೀಸೆಲ್ಲಿನ ಬಹುಭಾಗ ಉಳಿಯುತ್ತದೆ. ಸೌದೆಯ ಅನಿಲವನ್ನು ತಣಿಸಿ, ಅದರಲ್ಲಿರುವ ಡಾಂಬರಿನಂಥ ಜಿಡ್ಡನ್ನೂ ಬೂದಿಯನ್ನೂ ತೊಳೆದು ಶುದ್ಧಮಾಡದೆ ಎಂಜಿನ್ನಿಗೆ ಬಿಟ್ಟರೆ ಒಳಗೆಲ್ಲ ಅಂಟಿಕೊಳ್ಳುತ್ತದೆ. ಆದ್ದರಿಂದ ಅಂಥ ಎಂಜಿನ್ನಿಗೆ ಬೆಳಗಿನ ಪರೀಕ್ಷೆ ಇನ್ನಷ್ಟು ಅಗತ್ಯ. ನನ್ನ ಆತುರದಿಂದ ಒಬ್ಬ ಅಜ್ಜಿಯ ಹದ ತಪ್ಪಿತು. ಅಲ್ಲಿನ ಯುವಕನೊಬ್ಬ ನನ್ನಂತೆ ಕಡ್ಡಿ ನೋಡದೆ “ನೋಡಿದೀನಿ” ಎಂದಿದ್ದರೆ ಒಂದು ಊರಿನ ದೀಪ ಆರುತ್ತಿತ್ತು, ನಲ್ಲಿಯ ಮುಂದೆ ಕೊಡಗಳು ಬರಿದಾಗಿ ನಿಲ್ಲುತ್ತಿದ್ದವು.

ಮುಗಿಸುವ ಮುನ್ನ

ಆಯುಧಪೂಜೆಯ ದಿನ ನಾವೆಲ್ಲರೂ ಯಂತ್ರಗಳನ್ನು ತೊಳೆದು, ಹೂವು ಮುಡಿಸಿ, ಕುಂಬಳಕಾಯಿ ಒಡೆಯುತ್ತೇವೆ. ಅದು ಚೆಂದವೇ. ಆದರೆ ಉಳಿದ ದಿನಗಳಲ್ಲಿ ಆಯಿಲ್ ಕಡ್ಡಿಯನ್ನು ಎಳೆದು ನೋಡದವನ ಪೂಜೆಯನ್ನು ಎಂಜಿನ್ನು ಸ್ವೀಕರಿಸುವುದಿಲ್ಲ.

ಈಗ ಕಾಲೇಜಿಗೆ ರಜೆಯಿರುವ ದಿನ ಟಿಲ್ಲರನ್ನು ಹೊರತೆಗೆಯುವವನು ನಾನೇ. ತಂದೆಯವರು ಹೇಳಿದ ಕ್ರಮದಲ್ಲಿಯೇ ನೋಡುತ್ತೇನೆ, ಮೊದಲು ನೆಲ. ಕೊಟ್ಟಿಗೆಯ ಗೋಡೆಯ ಮೇಲೆ ಏಳು ಪರೀಕ್ಷೆಗಳನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ತಂದೆಯವರಿಗೆ ಅದನ್ನು ಓದಿ ಹೇಳಿದಾಗ, “ಎಂಟ್ನೇದು ಬಿಟ್ಟಿದ್ದೀಯಲ್ಲ” ಎಂದರು. ಏನೆಂದು ಕೇಳಿದೆ. “ನೋಡ್ದಿದ್ರೆ ನೋಡಿಲ್ಲ ಅನ್ನೋದು” ಎಂದು ಹೇಳಿ ಹೊರಗೆ ಹೋದರು. ಅದನ್ನೂ ಬರೆದು ಸೇರಿಸಿದ್ದೇನೆ.

ಈ ವರ್ಷ ಪುಷ್ಯ ಮಳೆಗೆ ಅಜ್ಜಿಯ ಅರ್ಧ ಎಕರೆಯನ್ನು ಎಲ್ಲರಿಗಿಂತ ಮೊದಲು ಉತ್ತುಕೊಟ್ಟೆವು. ಬಾಡಿಗೆ ತೆಗೆದುಕೊಳ್ಳಬಾರದೆಂದು ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ, ಹಣ ಎಣಿಸಿಯೇ ಕೊಟ್ಟರು. “ದುಡ್ದಿದ್ದಕ್ಕೆ ದುಡ್ಡು ಕಣಪ್ಪ. ಆವತ್ತಿಂದು ಆವತ್ತಿಗೋಯ್ತು” ಎಂದರು. ಆದರೂ ಆ ಒಂದೂವರೆ ಚೀಲದ ನೆನಪು ನನ್ನಿಂದ ಹೋಗಿಲ್ಲ.

ನಮ್ಮ ಕಾಲೇಜಿನಲ್ಲಿ ನನ್ನಂತೆ ಹಳ್ಳಿಗಳಿಂದ ಬಂದವರೇ ಬಹಳ ಮಂದಿ. ಟಿಲ್ಲರು, ಟ್ರಾಕ್ಟರು, ಗಿರಣಿ, ಲಾರಿ ಇವುಗಳಲ್ಲಿ ಯಾವುದಾದರೊಂದು ಎಂಜಿನ್ನು ಅನೇಕರ ಮನೆಯ ಅನ್ನಕ್ಕೆ ಆಧಾರವಾಗಿದೆ. ಅಂಥ ಮಿತ್ರರು ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ ಬೆಳಗ್ಗೆ ಬೇಗ ಎದ್ದು, ತಮ್ಮ ತಂದೆಯವರೋ ಅಣ್ಣನವರೋ ಎಂಜಿನ್ನಿನ ಮುಂದೆ ಬಗ್ಗಿ ನಿಂತು ಏನು ನೋಡುತ್ತಾರೆಂಬುದನ್ನು ಜೊತೆಯಲ್ಲಿ ನಿಂತು ನೋಡಬೇಕೆಂದೂ, ಏಕೆ ನೋಡುತ್ತಾರೆಂದು ಕೇಳಿ ತಿಳಿಯಬೇಕೆಂದೂ ವಿನಂತಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.